ಕೇಳಿದ್ದು 15 ಕೋಟಿ, ಕೊಟ್ಟಿದ್ದು 12.5 ಕೋಟಿ: ಇಸಾಕ್ ಬೆಲೆ ಕಟ್ಟಿದ್ದು ಯಾರು?

ಪ್ರಶ್ನೆ: ನಾನು ದಾವಣಗೆರೆಯವನು, ಲಿವರ್‌ಪೂಲ್ ಅಭಿಮಾನಿ. 2025ರಲ್ಲಿ ಗೋಲು ಹೊಡೆಯುವ ತನ್ನ ಆಟಗಾರ ಅಲೆಕ್ಸಾಂಡರ್ ಇಸಾಕ್‌ಗೆ ಇಂಗ್ಲೆಂಡ್‌ನ ನ್ಯೂಕ್ಯಾಸಲ್ ಕ್ಲಬ್ 15 ಕೋಟಿ ಪೌಂಡ್ ಕೇಳುತ್ತಿದೆ ಅಂತ ವಾರಗಟ್ಟಲೆ ಓದಿದೆ. ಲಿವರ್‌ಪೂಲ್ 11 ಕೋಟಿ ಅಂದಾಗ ಬೇಡ ಅಂದರು. ಆಟಗಾರರ ಖರೀದಿ ಗಡುವಿನ ಕೊನೇ ದಿನ 12.5 ಕೋಟಿಗೆ ಕೊಟ್ಟರು. ಈ ಬೆಲೆಯನ್ನು ಯಾವ ಲೆಕ್ಕದಲ್ಲಿ ಕಟ್ಟುತ್ತಾರೆ? ಆಟಗಾರ ಆಡಲ್ಲ ಅಂತ ಕೂತುಬಿಟ್ಟರೆ ಕ್ಲಬ್ ಏನು ಮಾಡಬಹುದು? ಇನ್ನೊಂದು ವಿಷಯ. ನನ್ನ ಅಕ್ಕನ ಮಗನಿಗೆ ಹದಿನಾರು ವರ್ಷ. ಬೆಂಗಳೂರಿನ ಒಂದು ಕ್ಲಬ್‌ನ ಅಕಾಡೆಮಿಯಲ್ಲಿ ಆಡುತ್ತಾನೆ. ಅವನಿಗೆ ಕರಾರಿಗೆ ಸಹಿ ಹಾಕು ಅನ್ನುತ್ತಿದ್ದಾರೆ. ನಾವು ಏನು ನೋಡಬೇಕು?

ಉತ್ತರ: ನಿಮ್ಮ ಮೂರನೇ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು. ಆದರೆ ಇಸಾಕ್ ಕಥೆ ಅರ್ಥವಾದರೆ ಹುಡುಗನ ಕರಾರು ಓದುವುದು ಸುಲಭವಾಗುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ದನದ ಜಾತ್ರೆ ನೋಡಿದ್ದೀರಾ? ಎತ್ತಿನ ವ್ಯಾಪಾರ ಟವೆಲ್ ಕೆಳಗೆ ನಡೆಯುತ್ತದೆ. ದಲ್ಲಾಳಿ ಟವೆಲ್ ಹೊದಿಸಿ, ಬೆರಳು ಹಿಡಿದು ರೇಟು ಹೇಳುತ್ತಾನೆ. ಸುತ್ತ ನಿಂತವರಿಗೆ ಕೇಳಿಸುವುದು ಬಾಯಿಮಾತು ಮಾತ್ರ. ಫುಟ್‌ಬಾಲ್‌ನಲ್ಲೂ ಪತ್ರಿಕೆಯಲ್ಲಿ ಬರುವ ‘ಕೇಳುವ ಬೆಲೆ’ ಆ ಬಾಯಿಮಾತು. ಆ 15 ಕೋಟಿಯನ್ನು ಯಾರೂ ಕೊಡುವುದಿಲ್ಲ ಅಂತ ನ್ಯೂಕ್ಯಾಸಲ್‌ಗೂ ಗೊತ್ತಿತ್ತು. ಅದು ಮೂರು ಜನರಿಗೆ ಕಳಿಸಿದ ಸಂದೇಶ. ಲಿವರ್‌ಪೂಲ್‌ಗೆ: ಅಗ್ಗಕ್ಕೆ ಸಿಗಲ್ಲ. ಇಸಾಕ್‌ಗೆ: ನಿನ್ನನ್ನು ಸುಮ್ನೆ ಕಳಿಸಲ್ಲ. ತಮ್ಮ ಅಭಿಮಾನಿಗಳಿಗೆ: ನಾವು ಬಗ್ಗಿಲ್ಲ.

ಟವೆಲ್ ಕೆಳಗಿನ ಬೆಲೆಯೇ ಬೇರೆ. ಅದು ಒಂದೇ ಪ್ರಶ್ನೆಯ ಮೇಲೆ ನಿಂತಿರುತ್ತದೆ: ಈ ಆಟಗಾರನನ್ನು ಮಾರದೇ ಇರುವ ತಾಕತ್ತು ಕ್ಲಬ್‌ಗೆ ಎಷ್ಟಿದೆ? ಗೋಲು, ವಯಸ್ಸು, ಓಟ ಎಲ್ಲ ಆಮೇಲೆ. ಆ ತಾಕತ್ತು ಎರಡು ಕಡೆಯಿಂದ ಬರುತ್ತದೆ. ಕರಾರಿನಲ್ಲಿ ಎಷ್ಟು ವರ್ಷ ಉಳಿದಿದೆ ಅನ್ನುವುದು ಒಂದು. ಅವನು ಹೋದರೆ ಆ ಜಾಗಕ್ಕೆ ಇನ್ನೊಬ್ಬ ಕೈಯಲ್ಲಿದ್ದಾನಾ ಅನ್ನುವುದು ಇನ್ನೊಂದು.

ಇಸಾಕ್ 2022ರ ಆಗಸ್ಟ್‌ನಲ್ಲಿ ಸ್ಪೇನ್‌ನ ರಿಯಲ್ ಸೊಸಿಯೆಡಾಡ್‌ನಿಂದ ನ್ಯೂಕ್ಯಾಸಲ್‌ಗೆ ಬಂದ. ಕೊಟ್ಟ ಹಣ ಸುಮಾರು 6.3 ಕೋಟಿ ಪೌಂಡ್. ಕರಾರು ಆರು ವರ್ಷದ್ದು, 2028ರವರೆಗೆ. 2024-25ರ ಲೀಗ್‌ನಲ್ಲಿ 23 ಗೋಲು ಹೊಡೆದ. ಆ ವರ್ಷ ಮಾರ್ಚ್‌ನಲ್ಲಿ ಲೀಗ್ ಕಪ್ ಫೈನಲ್‌ನಲ್ಲಿ ಇದೇ ಲಿವರ್‌ಪೂಲ್ ವಿರುದ್ಧ ಗೋಲು ಹೊಡೆದು ಕಪ್ ಗೆಲ್ಲಿಸಿದ. ಅಂದರೆ ಲಿವರ್‌ಪೂಲ್ ಬಾಗಿಲು ತಟ್ಟಿದಾಗ ಕರಾರಿನಲ್ಲಿ ಇನ್ನೂ ಮೂರು ವರ್ಷ ಇತ್ತು. ಇದು ನ್ಯೂಕ್ಯಾಸಲ್ ಕೈಲಿದ್ದ ದೊಡ್ಡ ಆಯುಧ.

ಅದೇ ವರ್ಷ ಲಿವರ್‌ಪೂಲ್ ತನ್ನ ಟ್ರೆಂಟ್ ಅಲೆಕ್ಸಾಂಡರ್-ಅರ್ನಾಲ್ಡ್‌ನನ್ನು ಕಳಕೊಂಡಿದ್ದು ನೆನಪಿದೆ ಅಲ್ವಾ? ಜಗತ್ತಿನ ಉತ್ತಮ ರೈಟ್ ಬ್ಯಾಕ್‌ಗಳಲ್ಲಿ, ಅಂದರೆ ಬಲಗಡೆ ಕಾಯುವ ಆಟಗಾರರಲ್ಲಿ, ಒಬ್ಬ. ಅವನ ಕರಾರು ಜೂನ್ 30ಕ್ಕೆ ಮುಗಿಯುತ್ತಿತ್ತು. ಕ್ಲಬ್ ವಿಶ್ವಕಪ್ ಆಡಿಸಲು ಕರಾರು ಮುಗಿಯುವ ಒಂದು ತಿಂಗಳು ಮೊದಲೇ ಬೇಕು ಅಂತ ರಿಯಲ್ ಮ್ಯಾಡ್ರಿಡ್ ಸುಮಾರು ಒಂದು ಕೋಟಿ ಯೂರೊ ಕೊಟ್ಟಿತು. ಆ ಒಂದು ತಿಂಗಳು ಕಾದಿದ್ದರೆ ಒಂದು ಪೈಸೆಯೂ ಕೊಡಬೇಕಿರಲಿಲ್ಲ. ಇಸಾಕ್‌ಗೂ ಅವನಿಗೂ ಬೆಲೆಯಲ್ಲಿ ಇಷ್ಟು ಅಂತರ ಬಂದಿದ್ದು ಆಟದಿಂದಲ್ಲ, ಉಳಿದ ವರ್ಷಗಳಿಂದ.

ಕರಾರು ಮುಗಿದವನು ಬಿಟ್ಟಿ ಹೋಗಬಹುದು ಅನ್ನುವುದು ಹಳೇ ನಿಯಮವೇನಲ್ಲ. ಬೆಲ್ಜಿಯಂನ ಜಾನ್-ಮಾರ್ಕ್ ಬೋಸ್ಮನ್ ಎಂಬ ಆಟಗಾರನ ಕರಾರು ಮುಗಿದಿತ್ತು. ಫ್ರಾನ್ಸ್‌ನ ಡಂಕರ್ಕ್ ಕ್ಲಬ್‌ಗೆ ಹೋಗಬೇಕೆಂದಿದ್ದ. ಆದರೂ ಅವನ ಕ್ಲಬ್ ಬಿಡಲಿಲ್ಲ. ಅವನು ಕೋರ್ಟ್ ಮೆಟ್ಟಿಲು ಹತ್ತಿದ. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಅವನ ಪರ ತೀರ್ಪು ಕೊಟ್ಟಿತು. ಇವತ್ತು ಆಟಗಾರರು ಗಳಿಸುವ ಹಣದ ಹಿಂದೆ ಆ ಮನುಷ್ಯ ಕಳಕೊಂಡ ವರ್ಷಗಳಿವೆ. ಅವನ ಹೆಸರನ್ನು ಮರೆಯಬಾರದು. ಈಗ ಫಿಫಾ ನಿಯಮದ ಪ್ರಕಾರ ಕರಾರಿನಲ್ಲಿ ಆರು ತಿಂಗಳು ಉಳಿದಿದ್ದರೆ ಆಟಗಾರ ಬೇರೆ ಕ್ಲಬ್ ಜೊತೆ ಮುಂಚಿತವಾಗಿ ಸಹಿ ಹಾಕಬಹುದು. ಅದಕ್ಕೂ ಮೊದಲು ಮಾತಾಡಬೇಕಾದರೆ ಹೊಸ ಕ್ಲಬ್ ಹಳೇ ಕ್ಲಬ್‌ಗೆ ಲಿಖಿತವಾಗಿ ತಿಳಿಸಲೇಬೇಕು.

ಕರಾರಿನ ವರ್ಷ ಬೆಲೆಯನ್ನು ಹೇಗೆ ಏರಿಸುತ್ತದೆ ಅನ್ನುವುದಕ್ಕೆ ಬ್ರೈಟನ್ ಕ್ಲಬ್‌ನಲ್ಲಿದ್ದ ಮೊಯ್ಸೆಸ್ ಕೈಸೆಡೊಗಿಂತ ಒಳ್ಳೇ ಉದಾಹರಣೆ ನನಗೆ ಗೊತ್ತಿಲ್ಲ. 2023ರ ಜನವರಿಯಲ್ಲಿ ಆರ್ಸೆನಲ್ ಅವನಿಗೆ 7 ಕೋಟಿ ಪೌಂಡ್‌ವರೆಗೆ ಹೋಯಿತು. ಬ್ರೈಟನ್ ಒಪ್ಪಲಿಲ್ಲ. ಹುಡುಗ ಇನ್‌ಸ್ಟಾಗ್ರಾಂನಲ್ಲಿ ನನ್ನನ್ನು ಬಿಡಿ ಎಂದು ಬರೆದ. ಬ್ರೈಟನ್ ಆಗಲೂ ಬಗ್ಗಲಿಲ್ಲ. ಮಾರ್ಚ್‌ನಲ್ಲಿ ಅವನೇ ಅದೇ ಕ್ಲಬ್ ಜೊತೆ 2027ರವರೆಗೆ ಹೊಸ ಕರಾರಿಗೆ ಸಹಿ ಹಾಕಿದ. ಆಗಸ್ಟ್‌ನಲ್ಲಿ ಲಿವರ್‌ಪೂಲ್ 11.1 ಕೋಟಿ ಕೊಡುತ್ತೇನೆ ಅಂದಿತು, ಬ್ರೈಟನ್ ಒಪ್ಪಿತು. ಹುಡುಗ ಮಾತ್ರ ನನಗೆ ಚೆಲ್ಸಿಯೇ ಬೇಕು ಅಂದ. ಚೆಲ್ಸಿ 10 ಕೋಟಿ, ಮೇಲೆ ಒಂದೂವರೆ ಕೋಟಿ ಷರತ್ತಿನ ಹಣ ಕೊಟ್ಟು ಕರೆದುಕೊಂಡು ಹೋಯಿತು. ಏಳು ತಿಂಗಳಲ್ಲಿ 7 ಕೋಟಿ ಇದ್ದದ್ದು 11.5 ಕೋಟಿ ಆಯಿತು. ಮೊದಲಿಗಿಂತ ಒಳ್ಳೇ ಸಂಬಳ ಅವನಿಗೂ ಸಿಕ್ಕಿತು. ಆದರೆ ಆ ಸಹಿ ಬ್ರೈಟನ್‌ಗೆ ಕೊಟ್ಟ ಬಲ ಅದಕ್ಕಿಂತ ಎಷ್ಟೋ ದೊಡ್ಡದು. ‘ಹೊಸ ಕರಾರು, ಕ್ಲಬ್ ಮೇಲೆ ಪ್ರೀತಿ’ ಎಂಬ ಫೋಟೊ ನೋಡಿದಾಗಲೆಲ್ಲ ನಾನು ಮೊದಲು ನೋಡುವುದು ಆ ಕರಾರಿನ ಕೊನೇ ವರ್ಷವನ್ನು.

ಈಗ ಎರಡನೇ ಕಡೆ. ಅವನ ಜಾಗಕ್ಕೆ ಯಾರು? ಇಸಾಕ್ ವಿಷಯದಲ್ಲಿ ನ್ಯೂಕ್ಯಾಸಲ್ ಸಿಕ್ಕಿಬಿದ್ದಿದ್ದು ಇಲ್ಲೇ. ಅವರು ಹ್ಯೂಗೊ ಎಕಿಟಿಕೆಯನ್ನು ಕೇಳಿದರು, ಅವನು ಲಿವರ್‌ಪೂಲ್‌ಗೇ ಹೋದ. ಬೆಂಜಮಿನ್ ಶೆಸ್ಕೊ ಹಿಂದೆ ಹೋದರು, ಅವನು ಮ್ಯಾಂಚೆಸ್ಟರ್ ಯುನೈಟೆಡ್ ಆರಿಸಿಕೊಂಡ. ಗೋಲು ಹೊಡೆಯುವವನೇ ಇಲ್ಲದೆ ಇಸಾಕ್‌ನನ್ನು ಕೊಟ್ಟುಬಿಟ್ಟರೆ ಮೈದಾನದಲ್ಲಿ ಜನ ಸುಮ್ಮನಿರುತ್ತಾರಾ? ಆಗಸ್ಟ್ 1ರಂದು ಬಂದ 11 ಕೋಟಿಯ ಮಾತಿಗೆ ಇಲ್ಲ ಅಂದಿದ್ದು ಅದಕ್ಕೇ. ತಿಂಗಳ ಕೊನೆಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ನಿಕ್ ವೋಲ್ಟಮಾಡ ಬಂದ. ಕೊನೇ ದಿನ ಬ್ರೆಂಟ್‌ಫರ್ಡ್‌ನಿಂದ ಯೋವಾನ್ ವಿಸ್ಸಾ ಬಂದ. ಅದೇ ದಿನ, ಸೆಪ್ಟೆಂಬರ್ 1ರಂದು, ಇಸಾಕ್ 12.5 ಕೋಟಿಗೆ ಹೋದ. ಬ್ರಿಟನ್ ಕ್ಲಬ್‌ವೊಂದು ಆವರೆಗೆ ಒಬ್ಬ ಆಟಗಾರನಿಗೆ ಕೊಟ್ಟ ಅತಿ ಹೆಚ್ಚಿನ ಹಣ ಅದು. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 1,500 ಕೋಟಿ ರೂಪಾಯಿ.

ಆ ರಾತ್ರಿ ನೀವೂ ಎದ್ದಿದ್ದಿರಬಹುದು. ಗಡುವು ಇಂಗ್ಲೆಂಡ್‌ನಲ್ಲಿ ಸಂಜೆ 7 ಗಂಟೆ, ನಮಗೆ ರಾತ್ರಿ ಹನ್ನೊಂದೂವರೆ. ಅದೇ ರಾತ್ರಿ ನಿಮ್ಮ ಲಿವರ್‌ಪೂಲ್‌ಗೆ ಇನ್ನೊಬ್ಬ ಬರಬೇಕಿತ್ತು. ಕ್ರಿಸ್ಟಲ್ ಪ್ಯಾಲೇಸ್‌ನ ಆಗಿನ ನಾಯಕ ಮಾರ್ಕ್ ಗೆಹಿ. 3.5 ಕೋಟಿಗೆ ಮಾತಾಗಿತ್ತು. ವೈದ್ಯಕೀಯ ತಪಾಸಣೆಯೂ ಆಗಿತ್ತು. ಅವನ ಕರಾರಿನಲ್ಲಿ ಉಳಿದಿದ್ದು ಒಂದೇ ವರ್ಷ. ಬರೀ ಹಣದ ಲೆಕ್ಕ ನೋಡಿದರೆ ಪ್ಯಾಲೇಸ್ ಮಾರಲೇಬೇಕಿತ್ತು. ಆದರೆ ಅವನ ಜಾಗಕ್ಕೆ ಬರಬೇಕಿದ್ದ ಬ್ರೈಟನ್‌ನ ಇಗೊರ್ ಕೊನೇ ಗಳಿಗೆಯಲ್ಲಿ ವೆಸ್ಟ್ ಹ್ಯಾಂ ಕಡೆ ಹೋದ. ಪ್ಯಾಲೇಸ್ ಹಿಂದೆ ಸರಿಯಿತು. ಒಂದೇ ದಿನ, ಒಂದೇ ಕೊಳ್ಳುವ ಕ್ಲಬ್. ಬದಲಿ ಸಿಕ್ಕ ಕಡೆ ವ್ಯಾಪಾರ ಆಯಿತು, ಸಿಗದ ಕಡೆ ಮುರಿಯಿತು. ಗೆಹಿ ಮುಖ ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಇನ್ನು ನ್ಯೂಕ್ಯಾಸಲ್ ಲೆಕ್ಕದ ಪುಸ್ತಕ ನೋಡಿ. ಲಾರಿ ಕೊಂಡರೆ ವರ್ಷವರ್ಷ ಅದರ ಬೆಲೆ ಪುಸ್ತಕದಲ್ಲಿ ಇಳಿಸುತ್ತಾ ಹೋಗುತ್ತೇವಲ್ಲ, ಆಟಗಾರನಿಗೂ ಹಾಗೆಯೇ. 6.3 ಕೋಟಿಯನ್ನು ಆರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 1.05 ಕೋಟಿ. ಮೂರು ವರ್ಷ ಆದಮೇಲೆ ಪುಸ್ತಕದಲ್ಲಿ ಉಳಿದಿದ್ದು 3.15 ಕೋಟಿ. ಮಾರಿದ್ದು 12.5 ಕೋಟಿಗೆ. ಅಂದರೆ 9 ಕೋಟಿಗೂ ಜಾಸ್ತಿ ಲಾಭ ಅದೇ ವರ್ಷದ ಲೆಕ್ಕಕ್ಕೆ ಬರುತ್ತದೆ. ಪ್ರೀಮಿಯರ್ ಲೀಗ್ ಕ್ಲಬ್‌ಗಳು ಮೂರು ವರ್ಷದಲ್ಲಿ ಒಟ್ಟು 10.5 ಕೋಟಿ ಪೌಂಡ್‌ಗಿಂತ ಹೆಚ್ಚು ನಷ್ಟ ತೋರಿಸುವಂತಿರಲಿಲ್ಲ. ಹಾಗಾಗಿ ಈ ಅಂಕಿಗೆ ಬಹಳ ಬೆಲೆ. ಚೆಲ್ಸಿ ಎಂಟು ವರ್ಷ, ಎಂಟೂವರೆ ವರ್ಷದ ಕರಾರು ಮಾಡಿ ವರ್ಷದ ಭಾರವನ್ನು ತೆಳ್ಳಗೆ ಹರಡಿತು. 2023ರಲ್ಲಿ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಐದು ವರ್ಷಕ್ಕಿಂತ ಹೆಚ್ಚು ಹಂಚುವಂತಿಲ್ಲ ಎಂದು ಗೆರೆ ಎಳೆದದ್ದು ಅದಕ್ಕೇ.

ಈ ಲೆಕ್ಕದಲ್ಲಿ ನನಗೆ ನೋವಾಗುವ ಒಂದು ವಿಷಯ ಇದೆ. ಕ್ಲಬ್ ತಾನೇ ಬೆಳೆಸಿದ ಹುಡುಗನಿಗೆ ಪುಸ್ತಕದಲ್ಲಿ ಬೆಲೆಯೇ ಇಲ್ಲ, ಸೊನ್ನೆ. ಅವನನ್ನು ಮಾರಿದರೆ ಬಂದಿದ್ದೆಲ್ಲ ಲಾಭ. 2024ರ ಜೂನ್ ಕೊನೆಗೆ ನ್ಯೂಕ್ಯಾಸಲ್ ತನ್ನ ಊರ ಹುಡುಗ ಎಲಿಯಟ್ ಆಂಡರ್ಸನ್‌ನನ್ನು ನಾಟಿಂಗ್‌ಹ್ಯಾಂ ಫಾರೆಸ್ಟ್‌ಗೆ ಮಾರಿದ್ದು ಲೆಕ್ಕ ಸರಿ ಮಾಡಿಕೊಳ್ಳಲು. ಮನೆಯ ಮಗನನ್ನೇ ಮೊದಲು ಮಾರುವಂತೆ ಮಾಡುವ ನಿಯಮ ಸರಿಯಿಲ್ಲ ಎಂದು ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ಬೆಲೆ ಅಂದರೆ ಒಂದೇ ಅಂಕಿ ಅಂದುಕೊಳ್ಳಬೇಡಿ. ಡೆಕ್ಲನ್ ರೈಸ್ 2023ರಲ್ಲಿ ವೆಸ್ಟ್ ಹ್ಯಾಂನಿಂದ ಆರ್ಸೆನಲ್‌ಗೆ ಹೋದಾಗ 10 ಕೋಟಿ ಖಚಿತ, 50 ಲಕ್ಷ ಷರತ್ತಿನ ಮೇಲೆ. ಮೊತ್ತಕ್ಕೆ ಒಪ್ಪಿಗೆಯಾದ ಮೇಲೂ ಎಷ್ಟು ಕಂತು, ಎಷ್ಟು ತಿಂಗಳಲ್ಲಿ ಅನ್ನುವುದರ ಮೇಲೆ ಚೌಕಾಸಿ ನಡೆಯಿತು. ಸೈಟು ಮಾರುವಾಗ ಅಡ್ವಾನ್ಸ್ ಎಷ್ಟು, ಬಾಕಿ ಯಾವಾಗ ಅಂತ ಕೇಳಲ್ವಾ? ಅದೇ. ಷರತ್ತಿನ ಹಣ ಎಂದರೆ ಇಷ್ಟು ಪಂದ್ಯ ಆಡಿದರೆ, ಕಪ್ ಗೆದ್ದರೆ ಕೊಡುವುದು. ಮುಂದೆ ಮತ್ತೆ ಮಾರಿದಾಗ ಹಳೇ ಕ್ಲಬ್‌ಗೆ ಇಷ್ಟು ಪಾಲು ಅಂತಲೂ ಬರೆಸಿಕೊಳ್ಳುತ್ತಾರೆ. ಸಣ್ಣ ಕ್ಲಬ್‌ಗಳು ಈ ಪಾಲನ್ನು ಬಿಡಲೇಬಾರದು.

ರಿಲೀಸ್ ಕ್ಲಾಜ್ ಇದ್ದರೆ ಕಥೆಯೇ ಬೇರೆ. ಇಷ್ಟು ಹಣ ತಂದರೆ ಬಿಡಲೇಬೇಕು ಎಂದು ಕರಾರಿನಲ್ಲೇ ಬರೆದಿರುತ್ತದೆ. ಸ್ಪೇನ್‌ನಲ್ಲಿ ಕಾನೂನೇ ಇದಕ್ಕೆ ದಾರಿ ಮಾಡಿದೆ, ಅಲ್ಲಿ ಆಟಗಾರನೇ ಹಣ ಕಟ್ಟಿ ಹೊರಬರುತ್ತಾನೆ. 2017ರ ಆಗಸ್ಟ್ 3ರಂದು ಬಾರ್ಸಿಲೋನಾ ಬಿಡಲು ಹೊರಟಿದ್ದ ನೇಮಾರ್ ಕಡೆಯವರು 22.2 ಕೋಟಿ ಯೂರೊ ಕಟ್ಟಲು ಸ್ಪೇನ್‌ನ ಲೀಗ್ ಲಾ ಲಿಗಾದ ಕಚೇರಿಗೆ ಹೋದರು. ಲೀಗ್‌ನವರು ತೆಗೆದುಕೊಳ್ಳಲಿಲ್ಲ. ಅವರು ನೇರ ಬಾರ್ಸಿಲೋನಾ ಕ್ಲಬ್ ಕಚೇರಿಗೆ ಹೋಗಿ ಕಟ್ಟಿದರು. ಕ್ಲಬ್ ಇಲ್ಲ ಅನ್ನುವಂತೆಯೇ ಇರಲಿಲ್ಲ.

ಆದರೆ ಆ ಷರತ್ತನ್ನು ಬರೆದ ವಾಕ್ಯ ನೆಟ್ಟಗಿರಬೇಕು. 2013ರಲ್ಲಿ ಲಿವರ್‌ಪೂಲ್‌ನ ಲೂಯಿಸ್ ಸುವಾರೆಜ್ ಕರಾರಿನಲ್ಲಿ 4 ಕೋಟಿ ಪೌಂಡ್ ಎಂಬ ಅಂಕಿ ಇತ್ತು. ಆರ್ಸೆನಲ್ 4 ಕೋಟಿ ಮತ್ತು ಒಂದು ಪೌಂಡ್ ಕೊಡುತ್ತೇನೆ ಅಂದಿತು. ಆ ಅಂಕಿ ದಾಟಿದರೆ ನನ್ನನ್ನು ಬಿಡಲೇಬೇಕು ಅಂತ ಸುವಾರೆಜ್ ನಂಬಿದ್ದ. ದಾಟಿದರೆ ಮಾತುಕತೆಗೆ ಕೂರಬೇಕು ಅಷ್ಟೇ ಎಂದು ಆಟಗಾರರ ಸಂಘದ ಮುಖ್ಯಸ್ಥರೇ ಅರ್ಥ ಹೇಳಿದರು. ಅವನು ಉಳಿದ. ಆ ಸೀಸನ್‌ನಲ್ಲಿ ಲೀಗ್‌ನಲ್ಲಿ 31 ಗೋಲು ಹೊಡೆದು, 2014ರಲ್ಲಿ ಬಾರ್ಸಿಲೋನಾಗೆ ಎಷ್ಟೋ ಹೆಚ್ಚು ಬೆಲೆಗೆ ಹೋದ. ‘ಬಿಡತಕ್ಕದ್ದು’ ಮತ್ತು ‘ಮಾತಾಡತಕ್ಕದ್ದು’ ಎಂಬ ಎರಡು ಪದಗಳ ನಡುವೆ ಒಬ್ಬನ ಇಡೀ ವರ್ಷ ಸಿಕ್ಕಿಕೊಂಡಿತ್ತು.

ಆಡಲ್ಲ ಅಂತ ಕೂತರೆ? ಇಸಾಕ್ ತಂಡದ ಜೊತೆ ಏಷ್ಯಾ ಪ್ರವಾಸಕ್ಕೆ ಹೋಗಲಿಲ್ಲ. ತೊಡೆ ನೋವು ಎಂದು ಹೇಳಲಾಯಿತು. ಸ್ಪೇನ್‌ಗೆ ಹೋಗಿ ತನ್ನ ಹಳೇ ಕ್ಲಬ್‌ನ ಮೈದಾನದಲ್ಲಿ ಒಬ್ಬನೇ ಅಭ್ಯಾಸ ಮಾಡಿದ. ಆಗಸ್ಟ್ 19ರಂದು, ಕೊಟ್ಟ ಮಾತು ಮುರಿದಿದ್ದಾರೆ, ನಂಬಿಕೆ ಹೋಗಿದೆ ಎಂದು ಬರೆದ. ಈ ಸಲ ಬಿಡುತ್ತೇವೆ ಎಂಬ ಮಾತು ಯಾರೂ ಕೊಟ್ಟಿಲ್ಲ ಎಂದು ಕ್ಲಬ್ ಅದೇ ದಿನ ಉತ್ತರ ಕೊಟ್ಟಿತು. ಯಾರು ಸರಿ ಅನ್ನುವ ಜಗಳಕ್ಕೆ ನಾನು ಹೋಗಲ್ಲ. ಗಮನಿಸಬೇಕಾದ್ದು ಇಷ್ಟೇ: ಬಾಯಲ್ಲಿ ಕೊಟ್ಟಿದ್ದರೂ ಆ ಮಾತು ಕಾಗದದಲ್ಲಿ ಇರಲಿಲ್ಲ.

ಕ್ಲಬ್ ದಂಡ ಹಾಕಬಹುದು, ತಂಡದಿಂದ ದೂರ ಇಡಬಹುದು. ಆದರೆ ವರ್ಷಗಟ್ಟಲೆ ಕೂರಿಸಿದರೆ ನಷ್ಟ ಕ್ಲಬ್‌ಗೇ. ದಿನ ಕಳೆದಂತೆ ಕರಾರು ಕರಗುತ್ತದೆ, ಬೆಲೆ ಇಳಿಯುತ್ತದೆ. ಆಟಗಾರನಿಗೂ ದಾರಿ ಸಲೀಸಲ್ಲ. ಕರಾರು ಮುರಿದು ಎದ್ದು ಹೋದರೆ ಪರಿಹಾರ ಕಟ್ಟಬೇಕು. ಬ್ರೆಜಿಲ್‌ನ ಮಟುಜಲೆಮ್ 2007ರಲ್ಲಿ ಉಕ್ರೇನ್‌ನ ಶಖ್ತಾರ್ ಬಿಟ್ಟು ಸ್ಪೇನ್‌ನ ಜರಗೋಜಾಗೆ ಹೋದ. 2009ರಲ್ಲಿ ಕ್ರೀಡಾ ನ್ಯಾಯಮಂಡಳಿ ವಿಧಿಸಿದ ಪರಿಹಾರ ಸುಮಾರು 1.2 ಕೋಟಿ ಯೂರೊ. 2024ರ ಅಕ್ಟೋಬರ್‌ನಲ್ಲಿ ಫ್ರಾನ್ಸ್‌ನ ಆಟಗಾರ ಲಸಾನಾ ಡಿಯಾರಾ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ ಫಿಫಾದ ಈ ನಿಯಮಗಳಲ್ಲಿ ಕೆಲವು ಸರಿಯಿಲ್ಲ ಎಂದಿದೆ. ಮುಂದೆ ಈ ಭಾರ ಸ್ವಲ್ಪ ಇಳಿಯಬಹುದು. ಅಲ್ಲಿಯವರೆಗೂ ಎರಡೂ ಕಡೆಯವರು ಪರಸ್ಪರ ದಣಿಯುವುದನ್ನೇ ಕಾಯುತ್ತಾರೆ. ಗಡುವಿನ ದಿನ ಅಷ್ಟೊಂದು ಸಹಿ ಬೀಳುವುದು ಅದಕ್ಕೇ.

ಈಗ ನಿಮ್ಮ ಅಕ್ಕನ ಮಗನ ವಿಷಯ. ಕೋಟಿಗಳ ಮಾತು ಇಲ್ಲಿಲ್ಲ. ನಮ್ಮ ದೇಶದಲ್ಲಿ ಹೆಚ್ಚಿನವರು ಕರಾರು ಮುಗಿದ ಮೇಲೆಯೇ ಕ್ಲಬ್ ಬದಲಿಸುತ್ತಾರೆ. ಆದರೆ ತತ್ವ ಅದೇ: ಉಳಿದ ವರ್ಷ ಯಾರ ಕೈಲಿದೆ?

ಒಂದು ಸಂಗತಿ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಹತ್ತೊಂಬತ್ತರ ಹುಡುಗನೊಬ್ಬ ತನ್ನ ಕರಾರನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದು ತಂದಿದ್ದ. ಅವನ ಹತ್ತಿರ ಪ್ರತಿಯೇ ಇರಲಿಲ್ಲ, ಮ್ಯಾನೇಜರ್ ಮೇಜಿನ ಮೇಲೆ ಇಟ್ಟಿದ್ದನ್ನು ಅವಸರದಲ್ಲಿ ತೆಗೆದಿದ್ದ. ಒಂದು ಹಾಳೆಯ ಮೂಲೆಯಲ್ಲಿ ಅವನ ಹೆಬ್ಬೆರಳೂ ಬಿದ್ದಿತ್ತು. ನಾಲ್ಕನೇ ಹಾಳೆಯಲ್ಲಿ ಒಂದು ಸಾಲು: ಕ್ಲಬ್ ಬಯಸಿದರೆ ಇದೇ ಸಂಬಳಕ್ಕೆ ಇನ್ನೆರಡು ವರ್ಷ ಮುಂದುವರಿಸಬಹುದು. ಆಟಗಾರ ಬಯಸಿದರೆ ಅಂತ ಎಲ್ಲೂ ಇಲ್ಲ. ಅವನು ಒಂದು ವರ್ಷದ ಕರಾರು ಅಂದುಕೊಂಡು ಸಹಿ ಹಾಕಿದ್ದ, ಅದು ಮೂರು ವರ್ಷದ್ದು. ಬೇರೆ ಊರಿನಿಂದ ಒಳ್ಳೇ ಕರೆ ಬಂದಿತ್ತು, ಹೋಗಲಾಗಲಿಲ್ಲ. ಇಂಥ ಒಂದೇ ಕಡೆಯ ಷರತ್ತನ್ನು ನ್ಯಾಯಮಂಡಳಿಯಲ್ಲಿ ಪ್ರಶ್ನಿಸಬಹುದು. ಆದರೆ ಮನೆಯಲ್ಲಿ ಕೇಸು ನಡೆಸುವ ಶಕ್ತಿ ಇರಲಿಲ್ಲ.

ಹಾಗಾಗಿ ನೀವು ಮೊದಲು ಹುಡುಕಬೇಕಾದ್ದು ಆ ಸಾಲನ್ನು. ಇದ್ದರೆ ತೆಗೆಸಿ. ತೆಗೆಯಲ್ಲ ಅಂದರೆ, ಮುಂದುವರಿಸುವ ವರ್ಷಕ್ಕೆ ಎಷ್ಟು ಸಂಬಳ ಏರಬೇಕು ಅನ್ನುವುದನ್ನು ಅಂಕಿಯಲ್ಲೇ ಬರೆಸಿ. ಹದಿನೆಂಟು ತುಂಬದವರ ಜೊತೆ ಮೂರು ವರ್ಷಕ್ಕಿಂತ ಹೆಚ್ಚಿನ ವೃತ್ತಿಪರ ಕರಾರು ಮಾಡುವಂತಿಲ್ಲ ಎಂದು ಫಿಫಾ ನಿಯಮ ಹೇಳುತ್ತದೆ. ಐದು ವರ್ಷದ ಕಾಗದ ಮುಂದಿಟ್ಟರೆ ಅಲ್ಲೇ ನಿಲ್ಲಿಸಿ. ಅವನ ಪರ ಅಪ್ಪ ಅಮ್ಮ ಸಹಿ ಹಾಕಬೇಕು, ಅವರಿಗೆ ಇಂಗ್ಲಿಷ್ ಬರದಿದ್ದರೆ ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿಸಿ. ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದ್ದು, ಆ ತಿಂಗಳುಗಳ ಹಣ ಬರುತ್ತದಾ ಅನ್ನುವುದು ಕಾಗದದಲ್ಲಿ ಇರಲೇಬೇಕು. ಓದು ಮುಂದುವರಿಸುವ ವ್ಯವಸ್ಥೆಯೂ ಇರಲಿ. ‘ನೋಡ್ಕೋತೀವಿ ಬಿಡಿ’ ಅನ್ನುವ ಮಾತಿಗೆ ಇಸಾಕ್ ಹೇಗೆ ಸಿಕ್ಕಿಕೊಂಡ ನೋಡಿದಿರಿ. ಸಹಿ ಆದ ದಿನವೇ ಒಂದು ಪ್ರತಿ ಮನೆಗೆ ಬರಬೇಕು.

ಇನ್ನೊಂದು ವಿಷಯ ಅಕಾಡೆಮಿಗೂ ಒಳ್ಳೆಯದು. ಆಟಗಾರ ಹಣಕ್ಕೆ ಮಾರಾಟವಾಗಿ ದೇಶ ದಾಟಿದರೆ, ಆ ಹಣದಲ್ಲಿ 5% ಅವನನ್ನು 12ರಿಂದ 23ರ ವಯಸ್ಸಿನಲ್ಲಿ ಬೆಳೆಸಿದ ಕ್ಲಬ್‌ಗಳಿಗೆ ಹೋಗಬೇಕು. ಒಂದೇ ದೇಶದೊಳಗೆ ಮಾರಾಟವಾದರೂ, ಬೆಳೆಸಿದ ಕ್ಲಬ್ ಬೇರೆ ದೇಶದ್ದಾಗಿದ್ದರೆ ಅದಕ್ಕೆ ಪಾಲು ಉಂಟು. 12ರಿಂದ 15ರ ಪ್ರತಿ ವರ್ಷಕ್ಕೆ ಒಟ್ಟು ಬೆಲೆಯ 0.25%, ಅಲ್ಲಿಂದ ಮುಂದೆ ವರ್ಷಕ್ಕೆ 0.5%. ಇಸಾಕ್ ಬೆಳೆದಿದ್ದು ಸ್ಟಾಕ್‌ಹೋಮ್‌ನ ಎಐಕೆ ಕ್ಲಬ್‌ನಲ್ಲಿ, 2017ರ ಜನವರಿಯವರೆಗೆ ಅಲ್ಲಿದ್ದ. ಈ ಲೆಕ್ಕದಲ್ಲಿ 12.5 ಕೋಟಿಯಲ್ಲಿ ಎಐಕೆ ಪಾಲು ಸುಮಾರು 2%, ಅಂದರೆ ಹತ್ತಿರ ಹತ್ತಿರ 25 ಲಕ್ಷ ಪೌಂಡ್. ಎಂಟು ವರ್ಷದ ಹಿಂದೆ ಬಿಟ್ಟುಹೋದ ಹುಡುಗನಿಂದ!

ಆದರೆ ಆ ಹಣ ಬರುವುದು ದಾಖಲೆ ಇದ್ದವರಿಗೆ. ಬೆಂಗಳೂರಿನ ಆಸ್ಟಿನ್ ಟೌನ್‌ನಲ್ಲಿ, ಗೌತಮಪುರದಲ್ಲಿ ಹುಡುಗರನ್ನು ಚಪ್ಪಲಿ ಕಾಲಿನಿಂದ ಬೂಟಿನವರೆಗೆ ತಂದವರು ಎಷ್ಟೋ ಜನ ಇದ್ದಾರೆ. ಹುಡುಗನ ಹೆಸರು ಅವರ ಕ್ಲಬ್‌ನಲ್ಲಿ ನೋಂದಣಿಯಾಗಿರದಿದ್ದರೆ ಅವರು ಪಟ್ಟ ಕಷ್ಟಕ್ಕೆ ಸಾಕ್ಷಿ ಇಲ್ಲ. ಹಾಗಾಗಿ ಸಹಿಗೆ ಕೂರುವ ಮೊದಲು ಅಕಾಡೆಮಿಯವರನ್ನು ಕೇಳಿ: ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್‌ನ ನೋಂದಣಿಯಲ್ಲಿ ಇವನ ಹೆಸರು ಯಾವ ವರ್ಷದಿಂದ ಇದೆ? ಅವನು ಹನ್ನೆರಡು, ಹದಿಮೂರಕ್ಕೆ ದಾವಣಗೆರೆಯಲ್ಲಿ ಬೇರೆ ಕ್ಲಬ್‌ಗೆ ಆಡಿದ್ದರೆ ಅವರ ಹೆಸರೂ ಅಲ್ಲಿ ಇರಬೇಕು. ಇಲ್ಲದಿದ್ದರೆ ಜನನ ಪ್ರಮಾಣಪತ್ರ, ಹಳೇ ಟೂರ್ನಿಗಳ ಪಟ್ಟಿ ಜೊತೆ ಮಾಡಿಕೊಂಡು ಈ ತಿಂಗಳೇ ಜಿಲ್ಲಾ ಫುಟ್‌ಬಾಲ್ ಸಂಸ್ಥೆಗೆ ಹೋಗಿ. ಕರಾರಿನ ಕರಡು ಕೈಗೆ ಬಂದ ಮೇಲೆ, ಹುಡುಗನ ಹೆಸರು ಮುಚ್ಚಿ ನನಗೆ ಕಳಿಸಿ. ನಾಲ್ಕನೇ ಹಾಳೆಯನ್ನು ನಾನೂ ಒಮ್ಮೆ ಓದುತ್ತೇನೆ.